ಕಬ್ಬು ಹೋಗುವ ಮೊದಲೇ ಹೊರಟ ಬಸ್ಸು

ಸಾವಿರದ ಒಂಬೈನೂರ ತೊಂಬತ್ತರ ಹೊತ್ತಿಗೆ ಶಿರಗುಪ್ಪಿಯಲ್ಲಿ ಯಾರು ಯಾತ್ರೆಗೆ ಹೊರಟರೂ ಮೊದಲು ರಾಜಮತಿಯ ಕಟ್ಟೆಗೆ ಬಂದು ಕೂರುತ್ತಿದ್ದರು. "ಹಾಸಿಗಿ ಬಸ್ಸಿನ ಮ್ಯಾಲ ಕಟ್ರಿ, ಬುತ್ತಿ ತೊಡಿ ಮ್ಯಾಲ ಇರ್ಲಿ. ಎಷ್ಟೊತ್ತಿಗಿ ಮುಟ್ತೀವಿ ಅಂತ ಡ್ರೈವರನ್ನ ಕೇಳಬ್ಯಾಡ್ರಿ. ಹೊತ್ತ ಮುಳುಗೂದ್ರಾಗ ಎಲ್ಲಿರ್ತೀವಿ ಅಂತ ಕೇಳ್ರಿ" ಎನ್ನುತ್ತಿದ್ದಳು. ಇದನ್ನೆಲ್ಲ ಅವಳು ಕಲಿತದ್ದು ತನ್ನ ಮೊದಲ ಯಾತ್ರೆಯ ಮೊದಲ ಸಂಜೆ.

ಮದುವೆಯಾಗಿ ಬಂದಾಗಿನಿಂದ ಅವಳಿಗೆ ಶ್ರವಣಬೆಳಗೊಳ ನೋಡುವ ಆಸೆ. ಕೇಳಿದಾಗೆಲ್ಲ ಗಂಡ ಆಬಾಸಾಹೇಬ, "ಕಬ್ಬ ಫ್ಯಾಕ್ಟರಿಗಿ ಹೋಗ್ಲಿ ತಡಿ" ಎನ್ನುತ್ತಿದ್ದ. ಕಬ್ಬು ಹೋದರೆ ಲಗ್ನಗಳು, ಲಗ್ನ ಮುಗಿದರೆ ಮಳೆ, ಮಳೆಯ ಬೆನ್ನಿಗೆ ಮತ್ತೆ ನಾಟಿ. ಎಂಬತ್ತಾರರ ಚಳಿಗಾಲದಲ್ಲಿ, ಕಬ್ಬು ಇನ್ನೂ ಹೊಲದಲ್ಲಿ ನಿಂತಿರುವಾಗಲೇ, "ಕಬ್ಬಿನ ಕೂಡ ನೀವಿರ್ರಿ, ನಾವ್ ಹೋಗಿ ಬರ್ತೀವಿ" ಎಂದು ಕೇರಿಯ ಹೆಂಗಸರನ್ನು ಕೂಡಿಸಿ ಬಸ್ಸು ಗೊತ್ತುಮಾಡಿದಳು.

ನೆರೆಮನೆಯ ಕಾಕಾಸಾಹೇಬ ತನ್ನ ಮುದಿತಾಯಿ ಜಿನಮತಿಯನ್ನು ಬಸ್ಸಿಗೆ ಹತ್ತಿಸುತ್ತ ಹೇಳಿದ: "ವಹಿನಿ, ನಮ್ಮಾಯಿಗೆ ಒಂದ ಚಕ್ಕರ ಬಂದ್ರೂ ಬಸ್ ಹೊಳ್ಳಿ ಬರಬೇಕು. ಮತ್ತ ಗಂಡಸರನ್ನ ಬಿಟ್ಟು ಹೋಗೂ ಮಾತ ಯಾರೂ ಎತ್ತಬಾರ್ದು."

"ಹೂಂ" ಎಂದಳು ರಾಜಮತಿ.

ಸಂಜೆಯ ಊಟ ಘಟಪ್ರಭೆಯ ನೆಂಟರಲ್ಲಿ ಎಂದು ಮಾತಾಗಿತ್ತು. ಆದರೆ ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ರಾಯಬಾಗದ ಹತ್ತಿರ ರೈಲ್ವೆ ಗೇಟು ಬೇರೆ ಬಿದ್ದಿತ್ತು. ಪಡುವಣದಲ್ಲಿ ಬಿಸಿಲು ಕಬ್ಬಿನ ತುದಿಯ ಸೂಲಂಗಿಗೆ ಇಳಿದಿತ್ತು. ಹೊತ್ತು ಮುಳುಗಿದ ಮೇಲೆ ಜೈನರಾದ ಇವರಾರಿಗೂ ಊಟವಿಲ್ಲ, ಜಿನಮತಿಗೆ ನೀರೂ ಇಲ್ಲ. ನಿನ್ನೆ ಚತುರ್ದಶಿಯ ಉಪವಾಸ ಮಾಡಿದ್ದ ಮುದುಕಿ ಇವತ್ತು ಹೊರಡುವ ಸಡಗರದಲ್ಲಿ ಬರೀ ಹಾಲು ಕುಡಿದಿದ್ದಳು. ಈಗ ತಲೆ ಕಿಟಕಿಗೆ ಆನಿಸಿ ಕಣ್ಣು ಮುಚ್ಚಿದ್ದಳು.

"ಎಲ್ಲಾರೂ ಇಳೀರಿ. ಇಲ್ಲೇ ಉಣ್ಣೂದು" ಎಂದಳು ರಾಜಮತಿ.

"ಅಕ್ಕಾರ, ಗೇಟ್ ಈಗ ತೆರಿತೈತ್ರಿ!" ಎಂದ ಡ್ರೈವರ್ ಭೀಮಸಿ.

"ತೆರೀಲಿ. ನೀ ಮ್ಯಾಲ ಹತ್ತು ತಮ್ಮಾ."

ಬುತ್ತಿಯ ಡಬ್ಬಿಗಳು ಬಸ್ಸಿನ ಮೇಲೆ, ಹಾಸಿಗೆಗಳ ಅಡಿಯಲ್ಲಿದ್ದವು. ಅವು ಕೆಳಗಿಳಿದು, ರಸ್ತೆಯ ಪಕ್ಕ ಸಜ್ಜಿರೊಟ್ಟಿ, ಹೆಸರುಕಾಳು ಬಡಿಸುವಷ್ಟರಲ್ಲಿ ರೈಲು ಹೋಯಿತು, ಗೇಟು ಮೇಲೆದ್ದಿತು. ಹಿಂದಿದ್ದವರೆಲ್ಲ ಹಾರ್ನ್ ಒತ್ತತೊಡಗಿದರು.

"ಆಯಿ, ಗಾಡ್ಯಾಗ ಕುಂತ ಉಣ್ರಲಾ" ಎಂದು ಭೀಮಸಿ ಅಂಗಲಾಚಿದ.

"ಕುಲುಕೂ ಗಾಡ್ಯಾಗ ತಾಟಿನ್ಯಾಗ ಬಿದ್ದ ಹುಳಾ ಕಾಣ್ತಾವೇನೋ ಬಾಡ್ಯಾ?" ಜಿನಮತಿ ಕಣ್ಣು ತೆರೆದು ಗದರಿದಳು. ಬಾಯಲ್ಲಿ ಉಳಿದಿದ್ದ ನಾಲ್ಕಾರು ಹಲ್ಲುಗಳಲ್ಲಿ, ಮೊಸರಲ್ಲಿ ನೆನೆಸಿದ ರೊಟ್ಟಿಯನ್ನು ನಿಧಾನ ನುರಿಸತೊಡಗಿದಳು.

ರಾಜಮತಿ ತನ್ನ ತಾಟನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಸ್ಸಿನ ಮುಂದೆ ಹೋಗಿ ಅಡ್ಡ ನಿಂತಳು. ಸೀಟು ಹತ್ತಿದ್ದ ಭೀಮಸಿ ಸ್ಟೇರಿಂಗ್ ಬಿಟ್ಟು ಕೈ ಕಟ್ಟಿ ಕೂತ.

"ಏನವಾ, ರಸ್ತಾದಾಗ ಮದಿವಿ ಊಟ ಇಟ್ಟೀರೇನ?" ಟ್ರ್ಯಾಕ್ಟರಿನವನೊಬ್ಬ ಕೂಗಿದ.

"ಹೌದಪಾ, ಬಾ, ನಿನಗೂ ಬಡಸ್ತೀನಿ!"

ಜನ ನಕ್ಕರು. ಹಾರ್ನ್ ಮಾತ್ರ ನಿಲ್ಲಲಿಲ್ಲ. ಬೈಗುಳವೂ ಬಂತು, ಮರಾಠಿಯಲ್ಲೊಂದು, ಕನ್ನಡದಲ್ಲೊಂದು. ರಾಜಮತಿ ಆ ಕಡೆ ನೋಡಲಿಲ್ಲ. ಮುದುಕಿಯ ದವಡೆ ನೋಡಿದಳು, ಸೂರ್ಯನನ್ನು ನೋಡಿದಳು, ಮತ್ತೆ ದವಡೆ.

ಕೊನೆಗೆ ಜಿನಮತಿ ಒಂದು ತಂಬಿಗೆ ನೀರು ಕುಡಿದು ಬಾಯಿ ಮುಕ್ಕಳಿಸಿದಳು. ಕಬ್ಬಿನ ಹಿಂದೆ ಸೂರ್ಯನ ಕೆಂಪು ಅಂಚೂ ಮುಳುಗಿತು.

ತಾಟಿನಲ್ಲಿದ್ದ ತನ್ನ ರೊಟ್ಟಿಗಳನ್ನು ರಾಜಮತಿ ಆ ಟ್ರ್ಯಾಕ್ಟರಿನವನ ಕೈಗಿಟ್ಟು ಬಸ್ಸು ಹತ್ತಿದಳು.

"ಅಕ್ಕಾರ, ನೀವು ಉಣ್ಣಲಿಲ್ಲಲ್ಲರಿ?" ಎಂದ ಭೀಮಸಿ.

"ನಂದು ನಾಳೆ ಮುಂಜಾನಿ. ನಡಿ."

ಮುಖಕ್ಕೆ ಮತ್ತೆ ಕಳೆ ಬಂದಿದ್ದ ಜಿನಮತಿ ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು ಪಿಸುಗುಟ್ಟಿದಳು: "ಮೂರ ರೊಟ್ಟಿ ತಿಂದೆ ಅಂತ ನನ್ನ ಸೊಸಿ ಮುಂದ ಹೇಳಬ್ಯಾಡ ಮತ್ತ."

ಹಳಿ ದಾಟುವಾಗ ಬಸ್ಸು ಎರಡು ಸಲ ಕುಲುಕಿ ದಕ್ಷಿಣಕ್ಕೆ ಹೊರಳಿತು.