ಸಂಧ್ಯಕ್ಕನ ಲೋಪಸಂಧಿ

ಸಂಧ್ಯಕ್ಕನ ನಿಜವಾದ ಹೆಸರು ಸಂಧ್ಯಾ ಅಲ್ಲ. ಅಂಟಿಕೊಂಡ ಪದಗಳನ್ನು ಬಿಡಿಸುವುದರಲ್ಲಿ, ಅಂದರೆ ಸಂಧಿ ಬಿಡಿಸುವುದರಲ್ಲಿ, ಅವಳನ್ನು ಮೀರಿಸುವವರು ಕಚೇರಿಯಲ್ಲಿ ಇರಲಿಲ್ಲ. ಅದಕ್ಕೇ ಎಲ್ಲರೂ ‘ಸಂಧಿ ಅಕ್ಕ’ ಎಂದು ಕರೆಯತೊಡಗಿದರು. ನಾಲ್ಕು ದಿನ ಕರೆಯುವಷ್ಟರಲ್ಲಿ ಆ ಹೆಸರಿಗೇ ಸಂಧಿಯಾಗಿ ಸಂಧ್ಯಕ್ಕ ಆಯಿತು. ಹೊಸದಾಗಿ ಬಂದವರು ಅದನ್ನು ಅಸಲಿ ಹೆಸರೆಂದು ನಂಬಿ ಹಾಜರಿ ಪುಸ್ತಕದಲ್ಲಿ ಹುಡುಕಿ ಸುಸ್ತಾಗುತ್ತಿದ್ದರು.

ಓದಿದ್ದು ಕಾನ್ವೆಂಟಿನಲ್ಲಿ. ಅಂಗಳದಲ್ಲಿ ಮನೆಮಾತು ಬಾಯಿಂದ ಬಿದ್ದರೆ ಕೈ ಮೇಲೆ ರೂಲುಕಡ್ಡಿ ಬೀಳುವ ಶಾಲೆ. ಆ ಏಟಿನ ಸೇಡೋ ಏನೋ, ದೊಡ್ಡವಳಾದ ಮೇಲೆ ಮನೆಮಾತಿನ ವ್ಯಾಕರಣವನ್ನು ಒಂದು ಸೂತ್ರವೂ ಬಿಡದೆ ಕಲಿತಳು. ಆ ವ್ಯಾಕರಣವೇ ಅವಳಿಗೆ ಈ ಕೆಲಸ ಕೊಡಿಸಿತು.

ಹೆಸರಿಗೆ ಅದು ದಾಖಲೆ ಕಚೇರಿ. ಮೂರನೆಯ ಮಹಡಿಯಲ್ಲಿ ಉದ್ದನೆಯ ಕೋಣೆ, ಹದಿನಾಲ್ಕು ಮೇಜು, ತೆಗೆಯಲು ಬಾರದ ಕಿಟಕಿಗಳು. ಪ್ರತಿ ಮೇಜಿನ ಮೇಲೆ ಒಂದು ಕಂಪ್ಯೂಟರು, ಒಂದು ಹೆಡ್‌ಫೋನು. ಮೇಜಿನ ಕೆಳಗೆ ಕಾಲಿಗೆ ಎಟಕುವಂತೆ ಒಂದು ಪೆಡಲು. ಪೆಡಲು ಒತ್ತಿದರೆ ಯಾರದೋ ಮನೆಯ ಫೋನಿನ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿ ಊರಿದರೆ ಹಿಂದಕ್ಕೆ ಹೋಗುತ್ತದೆ. “ಕಾಲ್ ಕೇಳೋಕೆ ಕಾಲೇ ಬೇಕು ನೋಡಿ,” ಎಂದು ಪಕ್ಕದ ಮೇಜಿನ ಗುಮಾಸ್ತ ಅವಳು ಕೆಲಸಕ್ಕೆ ಸೇರಿದ ದಿನ ಹೇಳಿದ ಜೋಕು. ಇಪ್ಪತ್ತೆರಡು ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ.

ಅಲ್ಲಿನ ನಿಯಮ ಚಿಕ್ಕದು: ಕೇಳಬೇಕು, ಆದರೆ ಕೇಳಬಾರದು. ಕಿವಿಯಲ್ಲಿ ಬಂದದ್ದನ್ನೆಲ್ಲ ಕೇಳಬೇಕು. ಯಾರು, ಯಾಕೆ, ಮುಂದೇನಾಯಿತು ಎಂದು ಬಾಯಿಂದ ಕೇಳಬಾರದು. ಕೇಳಿದ ಮಾತನ್ನು ಹಾಳೆಗಿಳಿಸುವಾಗ ಕೂಡಿಕೊಂಡ ಪದಗಳನ್ನು ಬಿಡಿಸಿ ಬರೆಯಬೇಕು, ಏಕೆಂದರೆ ಪದ ಹುಡುಕುವ ಯಂತ್ರಕ್ಕೆ ಸಂಧಿ ಗೊತ್ತಿಲ್ಲ. ಬಿಡಿಸಿದ ಪದ ಅಪಾಯದ ಪಟ್ಟಿಯಲ್ಲಿದ್ದರೆ ಅದು ತಾನೇ ಕೆಂಪಾಗುತ್ತದೆ, ಹಾಳೆಯ ಕೊನೆಯ ‘ಅನುಮಾನ’ ಎಂಬ ಚೌಕದಲ್ಲಿ ತಾನೇ ಗುರುತು ಬೀಳುತ್ತದೆ. ಅರ್ಥ ಮಾಡಿಕೊಳ್ಳುವುದು ಐದನೆಯ ಮಹಡಿಯವರ ಕೆಲಸ. ‘ಅನುಮಾನ’ದೊಳಗೆ ಯಾರದೋ ‘ಮಾನ’ವೂ ಇದೆಯಲ್ಲ ಎಂದು ಸಂಧ್ಯಕ್ಕನಿಗೆ ಎಷ್ಟೋ ಸಲ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಬರೆಯಲು ಚೌಕವಿರಲಿಲ್ಲ.

ಮನೆಯಲ್ಲಿ ಗಂಡನಿಗೂ ಅತ್ತೆಗೂ ಗೊತ್ತಿದ್ದದ್ದು ‘ದಾಖಲೆ ಕಚೇರಿ’ ಎಂಬ ಎರಡು ಪದ ಮಾತ್ರ. ಅತ್ತೆ ತಂಗಿಯ ಜೊತೆ ಫೋನಿಗೆ ಕೂತರೆಂದರೆ ಬೀದಿಯ ಹನ್ನೊಂದು ಮನೆಯ ಗುಟ್ಟೂ ಹೊರಗೆ.

“ಫೋನಲ್ಲಿ ಅಷ್ಟೆಲ್ಲಾ ಹೇಳ್ಬೇಡಿ ಅತ್ತೆ.”

“ಯಾಕಮ್ಮಾ? ನನ್ನಂಥ ಮುದುಕಿ ಮಾತು ಯಾರು ಕೇಳ್ತಾರೆ? ಮನೇಲಿ ನೀನೇ ಕೇಳಲ್ಲ!”

ಸಂಧ್ಯಕ್ಕ ಎದ್ದು ಕುಕ್ಕರಿನ ಸೀಟಿ ಎಣಿಸಲು ಒಳಗೆ ಹೋದಳು.

ಬೇಸರದ ಕೆಲಸ ಎಂದು ಯಾರಾದರೂ ಅಂದುಕೊಂಡಾರು. ಅವಳಿಗೆ ಮಾತ್ರ ಪ್ರತಿದಿನ ಬೆಳಿಗ್ಗೆ ಹೆಡ್‌ಫೋನು ಹಾಕಿಕೊಳ್ಳುವಾಗ ಮೈ ಜುಮ್ಮೆನ್ನುತ್ತಿತ್ತು. ಒಂದು ಊರಿನ ಜನ ಬಾಗಿಲು ಹಾಕಿಕೊಂಡು ಆಡುವ ಮಾತೆಲ್ಲ ತನ್ನೆರಡು ಕಿವಿಯ ನಡುವೆ! ಮೊದಲನೆಯ ವರ್ಷ ಒಬ್ಬ ಲಾರಿ ಚಾಲಕನ ಸರದಿ ಬಂದಿತ್ತು. ಅವನು ದೂರದ ರಸ್ತೆಯಿಂದ ದಿನಾ ಸಂಜೆ ಮನೆಗೆ ಫೋನ್ ಮಾಡುತ್ತಿದ್ದ. ಹೆಂಡತಿ ಫೋನನ್ನು ಮಲಗಿದ ಮಗುವಿನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಎರಡು ನಿಮಿಷ ಬರೀ ಉಸಿರು. ಆಮೇಲೆ ಅವನು “ಸಾಕು” ಎಂದು ಇಟ್ಟುಬಿಡುತ್ತಿದ್ದ. ಹಾಳೆಯಲ್ಲಿ ಅವಳು ಬರೆದದ್ದು: ‘ಮಾತಿಲ್ಲ, ಎರಡು ನಿಮಿಷ.’

ಹಾಗೆಂದು ಈ ಕೆಲಸ ಪೂರ್ತಿ ತಪ್ಪು ಎಂದೂ ಅವಳಿಗೆ ಅನ್ನಿಸಿರಲಿಲ್ಲ. ಒಂದು ಸಲ ಅವಳು ಬರೆದ ಎರಡು ಸಾಲಿನಿಂದ ಒಂದು ರೈಲು, ಬಾಂಬಿಟ್ಟಿದ್ದ ಸೇತುವೆಯ ಈಚೆಗೇ ನಿಂತಿತು. ನಾನೂರು ಜನ ಜೀವಂತವಾಗಿ ಮನೆಗೆ ಹೋದರು. ಮಾರನೆಯ ದಿನದ ರೆಕಾರ್ಡಿಂಗುಗಳಲ್ಲಿ ಅವರಲ್ಲೇ ಇಬ್ಬರು ರೈಲು ಮೂರು ಗಂಟೆ ತಡವಾಯಿತೆಂದು ಸರ್ಕಾರಕ್ಕೆ ಹಿಡಿಶಾಪ ಹಾಕುವುದನ್ನು ಕೇಳಿ ಅವಳು ಒಬ್ಬಳೇ ಕೂತು ನಕ್ಕಳು. ಬೈಯುವುದಕ್ಕಾದರೂ ಉಳಿದರಲ್ಲ!

ಈ ವರ್ಷ ಅವಳ ಪಾಲಿಗೆ ಬಂದವನು ಒಬ್ಬ ದರ್ಜಿ. ಅವನದು ಏನೂ ತಪ್ಪಿರಲಿಲ್ಲ. ದೊಡ್ಡ ಅಧಿಕಾರಿಗಳ ಸಮವಸ್ತ್ರ ಹೊಲಿಯುವವರ ಫೋನನ್ನೆಲ್ಲ ಆರು ತಿಂಗಳು ಕೇಳಬೇಕೆಂಬುದು ಪದ್ಧತಿ. ಆಸಾಮಿ ಹೊಲಿಯುತ್ತಲೇ ಫೋನಿನಲ್ಲಿ ಮಾತಾಡುವವನು. ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರ ಟಕಟಕ ಎನ್ನುತ್ತಿತ್ತು. ಅವನ ಕಾಲ ಕೆಳಗೂ ಪೆಡಲು, ಇವಳ ಕಾಲ ಕೆಳಗೂ ಪೆಡಲು. ನಾಲ್ಕು ತಿಂಗಳಲ್ಲಿ ಅವನು ಯಾವಾಗ ಸೂಜಿ ಬದಲಿಸುತ್ತಾನೆ, ಯಾವಾಗ ಕೆಮ್ಮುತ್ತಾನೆ ಎಂಬುದೂ ಅವಳಿಗೆ ತಿಳಿದುಹೋಗಿತ್ತು. ಮುಖ ಮಾತ್ರ ಗೊತ್ತಿರಲಿಲ್ಲ.

ಆ ಬುಧವಾರ ಬೆಳಿಗ್ಗೆ ನಲವತ್ತೊಂದು ರೆಕಾರ್ಡಿಂಗು ಬಂದು ಕೂತಿದ್ದವು. ಹತ್ತೊಂಬತ್ತನೆಯದು ದರ್ಜಿಯದು. ಬಟ್ಟೆ ಒದಗಿಸುವ ತನ್ನ ಭಾವನ ಜೊತೆ ಮಾತಾಡುತ್ತಿದ್ದ.

“ಸಾಹೇಬ್ರ ಚಿಂತೆ ಬಿಡು ಭಾವ. ಕತ್ತು ಆಯ್ತು, ತೋಳು ಎರಡೂ ಕತ್ತರಿಸಿ ಆಯ್ತು. ಈಗ ಎದೆಗೆ ಆರು ಗುಂಡಿಟ್ಟೆ. ಶುಕ್ರವಾರ ಬರ್ತಾರಲ್ಲ, ಅಷ್ಟರಲ್ಲಿ ಮುಗಿಸಿಬಿಡ್ತೀನಿ.”

ಸಂಧ್ಯಕ್ಕನ ಬೆರಳುಗಳು ತಮ್ಮಷ್ಟಕ್ಕೆ ಸಂಧಿ ಬಿಡಿಸಿದವು. ಗುಂಡಿಟ್ಟೆ. ‘ಗುಂಡಿ’ಯಾಗಿದ್ದರೆ ನಡುವೆ ಯಕಾರ ಬಂದು ‘ಗುಂಡಿಯಿಟ್ಟೆ’ ಆಗಬೇಕು, ಅದು ಆಗಮಸಂಧಿ. ಯಕಾರ ಬಂದಿಲ್ಲ. ಆದ್ದರಿಂದ ‘ಗುಂಡು’ ಮತ್ತು ‘ಇಟ್ಟೆ’, ಉಕಾರ ಬಿದ್ದುಹೋಗಿದೆ, ಲೋಪಸಂಧಿ. ಸೂತ್ರ ಸರಿ, ಉದಾಹರಣೆ ಸರಿ. ಹಾಳೆಯಲ್ಲಿ ‘ಗುಂಡು’ ಕೆಂಪಾಯಿತು, ಕೊನೆಯ ಚೌಕದಲ್ಲಿ ಗುರುತು ಬಿತ್ತು, ಅವಳು ಇಪ್ಪತ್ತನೆಯದಕ್ಕೆ ಹೋದಳು. ಹನ್ನೆರಡು ಗಂಟೆಗೆ ಹಾಳೆಗಳು ಐದನೆಯ ಮಹಡಿಗೆ ಹೋದವು.

ಊಟದ ನಂತರ ದರ್ಜಿಯದೇ ಇನ್ನೊಂದು ರೆಕಾರ್ಡಿಂಗು. ಈ ಸಲ ಭಾವನೇ ಫೋನ್ ಮಾಡಿದ್ದ.

“ಆರು ಸಾಲಲ್ವಂತಪ್ಪ. ಸಾಹೇಬ್ರಿಗೆ ಎಂಟು ಬೇಕಂತೆ. ಹಿತ್ತಾಳೇದು.”

“ಎಂಟು ಇಟ್ರೆ ಕೊನೇ ಎರಡು ಹೊಟ್ಟೆ ಮೇಲೆ ಬರತ್ತೆ ಭಾವ. ಅವರ ಹೊಟ್ಟೆ ನೋಡಿದೀಯಲ್ಲ? ಕೂತ್ರು ಅಂದ್ರೆ ಹಾರಿ ಹೋಗಿ ಎದುರಿಗಿರೋರಿಗೆ ಹೊಡೀತವೆ!”

ಸಂಧ್ಯಕ್ಕನಿಗೆ ನಗು ಬಂತು. ನಗುತ್ತ ಪಕ್ಕಕ್ಕೆ ನೋಡಿದಳು. ಗುಮಾಸ್ತನ ಹೊಟ್ಟೆಯ ಮೇಲೆ ಅಂಗಿ ಬಿಗಿದಿತ್ತು. ಒಂದು ಗುಂಡಿ ಇನ್ನೇನು ಹಾರುವಂತಿತ್ತು. ನಗು ಅಲ್ಲೇ ಹೆಪ್ಪುಗಟ್ಟಿತು.

ಗುಂಡಿ. ಗುಂಡು ಅಲ್ಲ, ಗುಂಡಿ. ಬಾಯಲ್ಲಿ ದಾರ ಇಟ್ಟುಕೊಂಡು ಮಾತಾಡುವ ಮನುಷ್ಯನಿಗೆ ಯಕಾರದ ಆಗಮಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು? ಯಕಾರದ ಆಗಮನವಾಗದೆ ಈಗ ಅವನ ಮನೆಗೆ ಬೇರೆಯವರ ಆಗಮನವಾಗಲಿತ್ತು. ಹಿಡಿದು ತರುವ ಆದೇಶಗಳು ಹೊರಡುವುದು ನಾಲ್ಕು ಗಂಟೆಗೆ. ಗೋಡೆಯ ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಹಾಗೆ ಕರೆದೊಯ್ದವರ ಮನೆಯ ಫೋನುಗಳನ್ನೂ ಅವಳು ಕೇಳಿದ್ದಳು. ಹೆಂಡತಿಯರು ತಿಂಗಳುಗಟ್ಟಲೆ ಒಂದೊಂದೇ ಕಚೇರಿಗೆ ಫೋನ್ ಮಾಡಿ ಕೇಳುತ್ತಿದ್ದರು, ‘ಎಲ್ಲಿದ್ದಾರೆ ಅಂತ ಆದರೂ ಹೇಳಿ.’

ಅವಳು ಎದ್ದು ನಿಂತಳು.

“ಎಲ್ಲಿಗೆ?” ಎಂದ ಗುಮಾಸ್ತ.

“ಐದಕ್ಕೆ.”

“ಇನ್ನೂ ಮೂರೂ ಇಪ್ಪತ್ತು. ಐದಕ್ಕೆ ಎಲ್ಲರೂ ಹೋಗೋದೇ.”

“ಐದು ಗಂಟೆಗಲ್ಲ, ಐದನೇ ಮಹಡಿಗೆ.”

ಗುಮಾಸ್ತನ ಕೈ ತಾನಾಗಿ ಹೆಡ್‌ಫೋನು ತೆಗೆಯಿತು. “ಸಂಧ್ಯಕ್ಕ, ತಲೆ ಕೆಟ್ಟಿದೆಯಾ? ನಾವು ಕೇಳೋರು. ಹೋಗಿ ಹೇಳೋರಲ್ಲ.”

ಎರಡು ಮಹಡಿ, ನಲವತ್ತನಾಲ್ಕು ಮೆಟ್ಟಿಲು. ಇಪ್ಪತ್ತೆರಡು ವರ್ಷದಲ್ಲಿ ಅವಳು ಹತ್ತದ ಮೆಟ್ಟಿಲುಗಳು. ಮೇಲೆ ಹೋಗಿ ನೋಡಿದರೆ ಅಲ್ಲಿಯೂ ಅದೇ ಸುಣ್ಣ, ಅದೇ ತೆಗೆಯಲು ಬಾರದ ಕಿಟಕಿ, ಕುರ್ಚಿಯಲ್ಲಿ ಶೀತವಾಗಿ ಮೂಗೊರೆಸಿಕೊಳ್ಳುತ್ತಿದ್ದ ಒಬ್ಬ ಸಣಕಲು ಅಧಿಕಾರಿ.

“ನನ್ನ ಒಂದು ಹಾಳೆ ತಪ್ಪಾಗಿದೆ ಸರ್. ಅದು ಗುಂಡು ಅಲ್ಲ, ಗುಂಡಿ. ಅಂಗಿ ಗುಂಡಿ. ಆತ ದರ್ಜಿ ಸರ್.”

“ದರ್ಜಿ ಅಂತ ಗೊತ್ತಮ್ಮ. ಅದಕ್ಕೇ ನಮಗೆ ಭಯ. ಸಾಹೇಬರ ಕತ್ತಿಗೆ ಟೇಪು ಹಾಕುವಷ್ಟು ಹತ್ತಿರ ಇನ್ಯಾರು ಹೋಗ್ತಾರೆ ಹೇಳಿ?” ಅಧಿಕಾರಿ ಕೆಟ್ಟವನಲ್ಲ. ಅದೇ ಕಷ್ಟವಾಗಿತ್ತು. “ನೀವು ಹೇಳ್ತೀರಿ ಅಂತ ಬಿಟ್ಟು, ಶುಕ್ರವಾರ ಏನಾದ್ರೂ ಆದ್ರೆ? ಆ ಸಾಹೇಬರಿಗೂ ಮನೆ ಮಕ್ಕಳು ಇಲ್ವಾ?”

“ಮಧ್ಯಾಹ್ನದ ರೆಕಾರ್ಡಿಂಗ್ ಕೇಳಿ ಸರ್. ಅದರಲ್ಲಿ ಸ್ಪಷ್ಟ ಇದೆ.”

ಅಧಿಕಾರಿ ಕೇಳಿದ. ಕೇಳುತ್ತ ಕೇಳುತ್ತ ಅವನ ಮುಖ ಬಿಗಿಯಾಯಿತು. “ಎಂಟು. ಹಿತ್ತಾಳೆಯದು. ಹಾರಿ ಹೋಗಿ ಎದುರಿಗಿರೋರಿಗೆ ಹೊಡೆಯುತ್ತವೆ. ಅಮ್ಮಾ, ಇದು ನಿಮ್ಮ ಕಡೆ ಸಾಕ್ಷಿನಾ, ನಮ್ಮ ಕಡೆ ಸಾಕ್ಷಿನಾ?”

ಸಂಧ್ಯಕ್ಕ ಕಂಗಾಲಾದಳು. ಮಾತು ಎಂಥದ್ದು! ಒಂದೇ ಸಾಲು, ಮೂರನೆಯ ಮಹಡಿಯಲ್ಲಿ ನಗಿಸಿದ್ದು ಐದನೆಯ ಮಹಡಿಯಲ್ಲಿ ಹೆದರಿಸುತ್ತಿದೆ. ಮಾತಿನಿಂದ ಇನ್ನು ಬಿಡುಗಡೆಯಿಲ್ಲ. ಮಾತಲ್ಲದ್ದು ಏನಾದರೂ ಇದೆಯೇ? ಅವಳು ಕಣ್ಣು ಮುಚ್ಚಿ ಬೆಳಗಿನ ರೆಕಾರ್ಡಿಂಗನ್ನು ಮನಸ್ಸಿನಲ್ಲೇ ಓಡಿಸಿದಳು.

“ಬೆಳಗ್ಗಿಂದು ಮೊದಲಿಂದ ಹಾಕಿ ಸರ್. ಮಾತು ಬಿಡಿ. ಮಾತಿನ ಸಂದಿಯಲ್ಲಿ ಕೇಳಿ.”

ಒಂದೇ ಹೆಡ್‌ಫೋನು, ಒಂದು ಕಿವಿಯ ತುದಿ ಅಧಿಕಾರಿಗೆ, ಇನ್ನೊಂದು ಅವಳಿಗೆ. ಯಂತ್ರದ ಸದ್ದು ಇರಲಿಲ್ಲ. ಕೈಯಿಂದ ಏನೋ ಹೊಲಿಯುತ್ತಿದ್ದ. ಬಟ್ಟೆಯೊಳಗಿಂದ ದಾರ ಸರ್ರೆಂದು ಎಳೆದ ಸದ್ದು, ಮತ್ತೆ, ಮತ್ತೆ. ಆಮೇಲೆ, ಹಲ್ಲಿನಿಂದ ದಾರ ಕಡಿದ ಸಣ್ಣ ‘ಕಟ್’.

“ಒಂದು,” ಎಂದಳು.

ಭಾವ ಏನೋ ಹೇಳಿದ. ಸರ್ರ್, ಸರ್ರ್. ಕಟ್.

“ಎರಡು.”

ಮೂರನೆಯದಕ್ಕೆ ಅಧಿಕಾರಿ ತಾನೇ ಬೆರಳು ಮಡಿಸಿದ. ನಾಲ್ಕನೆಯದು ಬರಲು ತಡವಾಯಿತು, ದಾರ ಗಂಟಾಗಿರಬೇಕು, ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಕಟ್. ಐದು. ಊರಿನ ಇನ್ನೊಂದು ಮೂಲೆಯಲ್ಲಿ ಯಾರೋ ಬಾಗಿ ಕೂತು ಮಾಡಿದ ಅಷ್ಟು ಚಿಕ್ಕ ಕೆಲಸದ ಸದ್ದು ಆ ಕೋಣೆಯಲ್ಲಿ ಗುಡುಗಿನಷ್ಟು ದೊಡ್ಡದಾಗಿ ಕೇಳಿಸಿತು. ಕಟ್. ಅದರ ಬೆನ್ನಿಗೇ ನೆಮ್ಮದಿಯ ನಿಟ್ಟುಸಿರು, “ಈಗ ಎದೆಗೆ ಆರು ಗುಂಡಿಟ್ಟೆ.”

ಅಧಿಕಾರಿಯ ಕೈ ತನ್ನ ಅಂಗಿಯ ಗುಂಡಿಯ ಮೇಲಿತ್ತು. ಸ್ವಲ್ಪ ಹೊತ್ತು ಅವನು ಮೂಗೊರೆಸಿಕೊಳ್ಳುವುದನ್ನೂ ಮರೆತ. ಆಮೇಲೆ ಫೋನ್ ಎತ್ತಿದ. ಅತ್ತ ಕಡೆಯವರು ಏನೋ ಹೇಳಿದರು. ಅವನು ಗಡಿಯಾರ ನೋಡಿದ.

“ಇವತ್ತು ಬೇಗ ಹೊರಟುಬಿಟ್ಟಿದ್ದಾರೆ. ಗಾಡಿಯಲ್ಲಿರೋರ ಫೋನ್ ಸಿಗ್ತಾ ಇಲ್ಲ. ಪ್ರಯತ್ನ ಮಾಡ್ತಾ ಇರ್ತೀನಿ. ನೀವು ಕೆಳಗೆ ಹೋಗಿ.” ಬಾಗಿಲ ತನಕ ಹೋದವಳನ್ನು ಮತ್ತೆ ಕರೆದ. “ನಿಮ್ಮ ಮೇಲೆ ಬರೀಬೇಕಾಗತ್ತೆ. ಕರ್ತವ್ಯಲೋಪ ಅಂತ.”

“ಬರೀರಿ ಸರ್. ಎರಡು ಪದ ಬಿಡಿಸಿ ಬರೀರಿ. ಕರ್ತವ್ಯ ಮಾಡಿದ್ದು ಬೆಳಿಗ್ಗೆ. ಲೋಪ ಆದದ್ದೂ ಅದರಿಂದಲೇ.”

ಅವಳು ಕೆಳಗಿಳಿದು ತನ್ನ ಮೇಜಿಗೆ ಬಂದು ಕೂತಳು. ನಾಲ್ಕು ಗಂಟೆ ಹೊಡೆಯಿತು, ಐದೂ ಹೊಡೆಯಿತು. ಮೇಲಿನಿಂದ ಯಾರೂ ಏನೂ ಹೇಳಲಿಲ್ಲ. ದರ್ಜಿ ಮನೆಯಲ್ಲಿದ್ದಾನೋ ಗಾಡಿಯಲ್ಲಿದ್ದಾನೋ ತಿಳಿಯುವ ದಾರಿ ಒಂದೇ ಇತ್ತು. ನಾಳೆಯ ರೆಕಾರ್ಡಿಂಗು.

ಮರುದಿನ ಅವಳು ಎಲ್ಲರಿಗಿಂತ ಮೊದಲು ಬಂದಳು. ಮೇಜಿನ ಮೇಲೆ ಒಂದು ಮೆಮೊ ಕಾಯುತ್ತಿತ್ತು: ಸೋಮವಾರದಿಂದ ಹಳೆಯ ಕಡತಗಳ ವಿಭಾಗ. ಓದಿ ಬದಿಗಿಟ್ಟಳು. ದರ್ಜಿಯ ಹೆಸರಿನ ಎದುರು ಏನೂ ಇರಲಿಲ್ಲ. ಒಂಬತ್ತೂವರೆಗೂ ಇಲ್ಲ. ಹತ್ತಕ್ಕೂ ಇಲ್ಲ. ನಾಲ್ಕು ತಿಂಗಳಲ್ಲಿ ಒಂದು ದಿನವೂ ಅವನು ಒಂಬತ್ತು ದಾಟಿಸಿದವನಲ್ಲ. ಬೇರೆಯವರ ಮಾತುಗಳನ್ನು ಹಾಕಿಕೊಂಡಳು. ಒಂದು ಪದವೂ ತಲೆಗೆ ಹೋಗಲಿಲ್ಲ. ಹತ್ತೂ ನಲವತ್ತಕ್ಕೆ ಪಟ್ಟಿಯಲ್ಲಿ ಹೊಸ ಸಾಲೊಂದು ಮೂಡಿತು. ಅವಳು ಪೆಡಲಿನ ಮೇಲೆ ಕಾಲಿಟ್ಟಳು. ಒತ್ತಲು ಧೈರ್ಯ ಸಾಲದೆ ಒಂದು ಕ್ಷಣ ಹಾಗೇ ಕೂತು, ಕೊನೆಗೆ ಒತ್ತಿದಳು.

“ಹಲೋ ಭಾವ.”

ಇಪ್ಪತ್ತೆರಡು ವರ್ಷದಲ್ಲಿ ಲಕ್ಷಗಟ್ಟಲೆ ‘ಹಲೋ’ ಕೇಳಿದ್ದಳು. ಆ ಎರಡಕ್ಷರದಲ್ಲಿ ಒಬ್ಬ ಮನುಷ್ಯ ಪೂರ್ತಿಯಾಗಿ, ಕೈಕಾಲು ಸಮೇತ, ತನ್ನ ಅಂಗಡಿಯಲ್ಲಿ ಕೂತಿರಬಹುದು ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

“ಎಲ್ಲಿ ಹೋಗಿದ್ಯೋ ಬೆಳಿಗ್ಗೆಯಿಂದ?”

“ಹೊಸ ಗಿರಾಕಿ ಬಟ್ಟೆ ತರೋಕೆ. ನಿನ್ನೆ ಸಾಯಂಕಾಲ ನಾಲ್ಕು ಜನ ಬಂದಿದ್ರು ಭಾವ. ಆಳು ಅಂದ್ರೆ ಆಳು, ಬಾಗಿಲು ತುಂಬಾ ನಿಂತ್ರು. ‘ನೀನೇನಾ ದರ್ಜಿ’ ಅಂದ ಒಬ್ಬ. ಹೌದು ಅಂದೆ. ಹತ್ತಿರ ಬಂದು ಭುಜಕ್ಕೆ ಕೈ ಹಾಕ್ದ. ಅಷ್ಟರಲ್ಲಿ ಅವನ ಫೋನ್ ಬಡ್ಕೊಳ್ತು. ‘ಸರಿ ಸರ್, ಸರಿ ಸರ್’ ಅಂದ. ಆಮೇಲೆ ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತ್ಬಿಟ್ರು. ಏನ್ ಬೇಕಿತ್ತು ಅಂದೆ. ‘ಒಂದು... ಪ್ಯಾಂಟು’ ಅಂದ.”

“ಪ್ಯಾಂಟಿಗೆ ನಾಲ್ಕು ಜನಾನಾ?”

“ಅದೇ ನಾನೂ ಕೇಳ್ದೆ! ಸೊಂಟ ಅಳೆದೆ, ಮೂವತ್ತೆಂಟು ಬಂತು. ಉಸಿರು ಹಿಡ್ಕೊಂಡಿದ್ದ. ಬಿಡಪ್ಪಾ ಉಸಿರು, ಯಾರ್ಗ್ ಹೆದರ್ತೀಯ ಅಂದೆ. ಬಿಟ್ಟ. ನಲವತ್ತೊಂದು.”

ಭಾವ ನಗತೊಡಗಿದ. ದರ್ಜಿಯೂ ನಕ್ಕ. ಆ ಕೈ ಭುಜದ ಮೇಲೆ ಯಾಕೆ ಬಿದ್ದಿತ್ತು ಎಂದು ಆ ಇಬ್ಬರಿಗೂ ಗೊತ್ತಿರಲಿಲ್ಲ. ಇನ್ನೆಂದೂ ಗೊತ್ತಾಗುವುದೂ ಇರಲಿಲ್ಲ. ಸಂಧ್ಯಕ್ಕ ಬರೆಯಬೇಕಿತ್ತು, ಪದ ಬಿಡಿಸಬೇಕಿತ್ತು. ಕೈ ಏಳಲಿಲ್ಲ. ಅವಳು ಎರಡೂ ಅಂಗೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ಅವರ ನಗು ತಾನಾಗಿ ಮುಗಿಯುವ ತನಕ, ಕಾಲು ಅಲುಗಿಸದೆ ಕೂತಿದ್ದಳು.