ದೊಡ್ಡಕ್ಕ ಚಾಚಿದ ತೋಳು

ಕ್ಲಿನಿಕ್ಕಿನ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ರಕ್ತ ತೆಗೆಯುವಾಗ ನರ ಸಿಗದೆ ತಡವರಿಸಿದಳೋ, ದೊಡ್ಡಕ್ಕ ಬಾಗಿಲಿಗೆ ಬಂದು, "ಇವಳ ಸೂಜಿಗೆ ಇವತ್ತು ಯಾರು ಬಲಿಯಾಗ್ತೀರಪ್ಪಾ?" ಎಂದು ಕೂಗುತ್ತಿದ್ದಳು. ಕಾದು ಕೂತವರು ನಗುತ್ತಿದ್ದರು. ಹುಡುಗಿ ಅಳು ನುಂಗಿ, ತನ್ನ ಕೈಗೇ ಚುಚ್ಚಿಕೊಂಡು ಕಲಿತಳು. ಒಂದು ಬೆಳಿಗ್ಗೆ ಅಜ್ಜಿಯೊಬ್ಬಳು ದೊಡ್ಡಕ್ಕನನ್ನು ದಾಟಿ ಹೋಗಿ, "ನಂಗೆ ಆ ಮಗೂನೇ ಚುಚ್ಚಲಿ, ನೋವೇ ಆಗಲ್ಲ" ಎಂದಳು.

ದೊಡ್ಡಕ್ಕನ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ಹುಡುಗಿಯ ಮುಂದೆ ತೋಳು ಚಾಚಿ ಕೂತಳು. "ಎಲ್ಲಿ, ನಂಗೂ ಚುಚ್ಚಮ್ಮಾ, ನೋಡೋಣ."

ಸೂಜಿ ಸಲೀಸಾಗಿ ನರಕ್ಕಿಳಿಯಿತು. ದೊಡ್ಡಕ್ಕ ಬೇಕೆಂದೇ ಕೈ ಕೊಸರಿದಳು. ತೋಳು ನೀಲಿಗಟ್ಟಿ ಊದಿಕೊಂಡಿತು.

"ಡಾಕ್ಟ್ರೇ, ಬಂದು ನೋಡಿ! ಇವಳನ್ನ ಈಗಲೇ ಮನೆಗೆ ಕಳಿಸಿ!"

ಹುಡುಗಿ ಮಾತ್ರ ಹತ್ತಿ ಒತ್ತಿ ಹಿಡಿದು, "ತುಂಬಾ ನೋವಾಯ್ತಾ ಅಕ್ಕಾ?" ಎಂದು ಕೇಳುತ್ತಲೇ ಇದ್ದಳು.