ಒಣಹಗ್ಗದ ಅತ್ತೆ

ನಮ್ಮತ್ತೆಯ ಬಲಗೈಯಲ್ಲಿ ಮೂರೇ ಬೆರಳು. ಆ ಮೂರು ಬೆರಳಿನ ಏಟು ತಿಂದವರು ಹುಣಸೂರಿನಿಂದ ಕೆ.ಆರ್.ನಗರದವರೆಗೂ ಇದ್ದರು. ಅವರಲ್ಲಿ ಮೊದಲಿನವಳು ನಾನು.

ನಮ್ಮದು ಸೈಕಲ್ ಆಟದ ಸಂಸಾರ. ಐವತ್ತರ ದಶಕದಲ್ಲಿ ನನ್ನ ಗಂಡ, ಮೈದುನ ಊರೂರಿನ ಬಯಲಿನಲ್ಲಿ ಸೈಕಲ್ ಮೇಲೆ ನಿಂತು, ಮಲಗಿ, ಹಿಂದುಮುಂದಾಗಿ ತುಳಿದು ಜನರನ್ನು ನಗಿಸುತ್ತಿದ್ದರು. ಎತ್ತಿನ ಕಮಾನುಗಾಡಿಯೇ ನಮ್ಮ ಮನೆ. ಅದರೊಳಗೆ ಒಂದು ಪಕ್ಕ ಮೂರು ಸೈಕಲ್, ಇನ್ನೊಂದು ಪಕ್ಕ ನಾವು. ಸೈಕಲ್ ಕಟ್ಟುವುದು ಅತ್ತೆಯ ಕೆಲಸ. ಹ್ಯಾಂಡಲ್ ತಿರುಗಿಸಿ, ಒಂದರ ಪೆಡಲ್ ಇನ್ನೊಂದರ ಚಕ್ರದ ಕಡ್ಡಿಗೆ ತಾಗದಂತೆ ನಡುವೆ ಗೋಣಿ ತುರುಕಿ, ತೆಂಗಿನ ನಾರಿನ ಹಗ್ಗದಿಂದ ಗಾಡಿಯ ಗೂಟಕ್ಕೆ ಬಿಗಿಯುತ್ತಿದ್ದರು.

"ಒಣಹಗ್ಗದಲ್ಲೇ ಕಟ್ಬೇಕು ಕಣಮ್ಮಿ. ಕಟ್ಟಿದ್ಮೇಲೆ ಅಲ್ಲಾಡ್ಸಿ ನೋಡು" ಎನ್ನುವರು. ಯಾಕೆಂದು ಕೇಳಿದರೆ ಬೈಗುಳವೇ ಉತ್ತರ.

ಸಿಟ್ಟೆಂದರೆ ಸಿಟ್ಟು. ಪಿರಿಯಾಪಟ್ಟಣದಲ್ಲಿ ಒಬ್ಬ ಆಟದ ನಡುವೆ ನನ್ನ ಸೆರಗು ಎಳೆದ. ಅತ್ತೆ ಗಾಳಿ ಹೊಡೆಯುವ ಪಂಪಿನಿಂದ ಅವನ ದವಡೆಗೆ ಬಾರಿಸಿದರು. ಹಲ್ಲು ಉದುರಿ, ರಕ್ತ ಕಾರುತ್ತ ಮಣ್ಣಿಗೆ ಬಿದ್ದ. "ಇನ್ನೊಂದು ಬೇಕೇನ್ಲಾ?" ಎಂದು ಅವನ ಎದೆ ಮೇಲೆ ಕಾಲಿಟ್ಟರು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ, ಖುಷಿಯೂ ಆಯಿತು.

ಚುಂಚನಕಟ್ಟೆಯಿಂದ ರಾವಂದೂರಿಗೆ ಹೊರಟ ಬೆಳಿಗ್ಗೆ ಅತ್ತೆಗೆ ಜ್ವರ. ನಾನೇ ಕಟ್ಟುತ್ತೇನೆಂದೆ. ಹಗ್ಗದ ಕೆಸರನ್ನು ಹೊಳೆಯಲ್ಲಿ ತೊಳೆದು, ಒದ್ದೆಯಲ್ಲೇ ಎಳೆದು ಕಟ್ಟಿದೆ. ಅಲ್ಲಾಡಿಸಿದರೆ ಒಂದಿಷ್ಟೂ ಮಿಸುಕಲಿಲ್ಲ. ಬೀಗುತ್ತ ಆರು ತಿಂಗಳ ಮಗಳನ್ನು ಸೈಕಲ್ ಬದಿಗೇ ಮಲಗಿಸಿದೆ.

ಮಧ್ಯಾಹ್ನದ ಬಿಸಿಲಿಗೆ ಹಗ್ಗ ಒಣಗಿ ಸಡಿಲವಾದದ್ದು ನನಗೆ ತಿಳಿಯಲಿಲ್ಲ. ಇಳಿಜಾರಿನಲ್ಲಿ ಎತ್ತು ಬೆದರಿ ಗಾಡಿಯ ಚಕ್ರ ಗುಂಡಿಗೆ ಬಿತ್ತು. ಮೂರು ಸೈಕಲ್ಲೂ ಕಳಚಿ ಮಗುವಿನ ಮೇಲೆ ವಾಲಿದವು. ಮಲಗಿದ್ದ ಅತ್ತೆ ಎದ್ದು ಚೈನಿಗೇ ಕೈ ಹಾಕಿ ತಡೆದರು. ಭಾರಕ್ಕೆ ಪೆಡಲ್ ಗರಕ್ಕನೆ ತಿರುಗಿತು. ಎರಡು ಬೆರಳು ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿ ಜಜ್ಜಿ ತುಂಡಾದವು. ಮಗುವಿನ ಮುಖದ ತುಂಬ ರಕ್ತ. ನಾನು ಚೀರಿದೆ. ಅತ್ತೆ ಮಗುವನ್ನು ಒರೆಸಿ, ಮೈಯೆಲ್ಲ ತಡವಿ ನೋಡಿದರು, ರಕ್ತ ಅದರದ್ದಲ್ಲ. ಆಮೇಲೆ ಅದೇ ಕೈ ಎತ್ತಿ ನನ್ನ ಕೆನ್ನೆಗೆ ಹೊಡೆದರು.

"ಒದ್ದೇಲಿ ಕಟ್ಟಿದ್ಯಾ?"

"ಊಂ, ಅತ್ತೆ."

"ಒಣಗಿದ್ರೆ ಸಡ್ಲ ಆಯ್ತದೆ ಕಣಮ್ಮಿ. ನಾನೂ ಯಾಕಂತ ಬುಡ್ಸಿ ಹೇಳ್ಲಿಲ್ಲ ನಿಂಗೆ" ಎಂದು ಅಲ್ಲೇ ಕುಸಿದರು.

ಗಾಯ ಮಾಗಿದ ಮೇಲೆ ಮೂರು ಬೆರಳಲ್ಲೇ ಕಟ್ಟಿದರು, ಮೂರು ಬೆರಳಲ್ಲೇ ಹೊಡೆದರು. ಬೆರಳು ಏನಾಯಿತೆಂದು ಯಾರಾದರೂ ಕೇಳಿದರೆ "ನಂದೇ ತಪ್ಪು" ಎನ್ನುವರು. ನನ್ನ ಹೆಸರು ಒಮ್ಮೆಯೂ ಎತ್ತಲಿಲ್ಲ. ನನ್ನ ಮಗಳ ಜೀವ ಅವರು ಕೊಟ್ಟದ್ದು. ಆ ಋಣ ನನ್ನಿಂದ ತೀರುವಂಥದ್ದಲ್ಲ.

ಅವರು ಸತ್ತ ದಿನ ಗಂಡಸರು ಚಟ್ಟಕ್ಕೆ ಒದ್ದೆ ಹಗ್ಗ ಸುತ್ತುತ್ತಿದ್ದರು. ಕಿತ್ತು ಬಿಸಾಡಿದೆ.

"ಎಂಗಸ್ರು ಚಟ್ಟ ಮುಟ್ಬಾರ್ದು ಕಣವ್ವ" ಎಂದು ಒಬ್ಬ ಅಡ್ಡ ಬಂದು ಕೈ ಹಿಡಿದ. ಅವನ ಕೆನ್ನೆಗೆ ಬಾರಿಸಿದೆ.

ಮಗಳು ಗಾಡಿಯಿಂದ ಒಣಹಗ್ಗ ತಂದಳು. ಅತ್ತೆಯನ್ನು ಬಿಗಿದು ಕಟ್ಟಿ, ಅಲ್ಲಾಡಿಸಿ ನೋಡಿದೆ.